ಕೋರಾ ಬಿಳಿಯೋ, ಅಲ್ಲವೋ

ಹುರಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ಅಂಗೈಯಿಂದ ತಿಕ್ಕಿ ಸಿಪ್ಪೆ ಬಿಡಿಸುತ್ತಿದ್ದೆ. ಈ ಕೆಲಸಕ್ಕೆ ಎರಡೂ ಕೈ ಬೇಕು, ಫ್ಯಾನು ಬಂದ್ ಇರಬೇಕು. ಇಲ್ಲವಾದರೆ ಸಿಪ್ಪೆ ಹಾರಿ ದೇವರ ಜಗುಲಿಯ ತನಕ ಹೋಗಿ ಕೂರುತ್ತದೆ. ಫೋನು ಬರುವುದು ಸರಿಯಾಗಿ ಅಂಥ ಹೊತ್ತಿಗೇ. ಕಿರುಬೆರಳಿನಿಂದ ಒತ್ತಿ, ಸ್ಪೀಕರ್ ಹಚ್ಚಿ, ನೆಲದ ಮೇಲಿಟ್ಟೆ. ಗುಂಜಿಯಿಂದ ಭಾವನವರು, ನನ್ನ ಅಕ್ಕ ಕಮಲಕ್ಕನ ಯಜಮಾನರು.

ಭಾವ ರೈಲ್ವೆ ಗೇಟು ಕಾಯ್ದು ನಿವೃತ್ತರಾದವರು. ಗೇಟು ಹಾಕಿದೆ, ಗೇಟು ತೆಗೆದೆ ಎಂಬಷ್ಟರಲ್ಲೇ ಆಯುಷ್ಯದ ಮಾತೆಲ್ಲ ಮುಗಿಸಿದ ಮನುಷ್ಯ. ಅಂಥವರು ತಾವಾಗಿ ಫೋನು ಮಾಡಿದರೆ ಸುದ್ದಿ ಕೆಟ್ಟದ್ದೇ ಇರಬೇಕು.

"ರಿಪೋರ್ಟ್ ಬಂತವಾ. ನಿಮ್ಮಕ್ಕಗ ಅರಿವಿ ಬಣ್ಣ ಆಗಿಬರೂದಿಲ್ಲಂತ."

"ಅಂದ್ರ?"

"ಸೀರಿಗೆ ಹಾಕಿರತಾರಲ್ಲ, ಆ ಬಣ್ಣ. ಅದಕ್ಕಽ ಈ ತುರಿಕಿ. ಆರ ತಿಂಗಳ ಬಣ್ಣ ಹಾಕಿದ್ದು ಏನೂ ಮೈಗೆ ತಾಗಬಾರದಂತ. ಬಣ್ಣ ಹಾಕಲಾರದ ಹತ್ತಿ ಅರಿವಿ ಉಡಬೇಕಂತ."

"ಮತ್ತ ಅಕ್ಕ ಏನಂತಾಳ?"

ಭಾವ ದನಿ ತಗ್ಗಿಸಿದರು. "ಒಳಗಿನ ಖೋಲ್ಯಾಗ ಕುಂತಾಳ. ಹೊರಗ ಬರವಲ್ಲಳು."

ನನಗೊಂದು ಚಟ. ಕೆಟ್ಟ ಸುದ್ದಿ ಬಂದ ಕೂಡಲೇ ಅದರೊಳಗೆ ಒಳ್ಳೆಯದು ಎಷ್ಟಿದೆ ಎಂದು ಬೆರಳು ಮಡಚುವುದು. ಮೂರು ತಿಂಗಳಿಂದ ಅಕ್ಕನ ಸೊಂಟದ ಸುತ್ತ, ಕಂಕುಳಲ್ಲಿ, ಕುತ್ತಿಗೆಯ ಮೇಲೆ ಗಂಧೆ ಎದ್ದು ಒಡೆದು ನೀರಾಡುತ್ತಿತ್ತು. ಕಡೆಗೆ ಬೆಳಗಾವಿಯ ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದ್ದರು. ದೊಡ್ಡ ರೋಗವಲ್ಲ, ಒಂದು ಬೆರಳು. ಅಂಟುರೋಗವಲ್ಲ, ಎರಡು. ಇಂಜೆಕ್ಷನ್ ಇಲ್ಲ, ಮೂರು. ನಾಲ್ಕನೆಯದಕ್ಕೆ ಹುಡುಕುತ್ತಿರುವಾಗಲೇ ಭಾವನ ಕೈಯಿಂದ ಅಕ್ಕ ಫೋನು ಕಸಿದುಕೊಂಡಳು.

"ಏ ತಂಗೆವ್ವಾ, ನಿನ್ನ ಭಾವ ಗುಂಡಕಲ್ಲಿನಂಗ ನನ್ನ ಮುಂದ ಕುಂತಾರ. ಅವರು ಇರೂತನಾ ನಾ ಬಿಳಿ ಸೀರಿ ಸುತ್ತಿಕೊಳ್ಳಲಿ? ಹಣೀ ಮ್ಯಾಲಿನ ಕುಂಕುಮ ಬಿಡಿಸ್ಯಾರ, ಅದನ್ನೂ ತಡಕೊಂಡೆ. ಇನ್ನ ಬಿಳಿ ಸೀರಿ ಉಟ್ಟು ಅಂಗಳಕ್ಕ ಬಂದ್ರ ಊರಾಗ ಏನಂತಾರ? ಅದಕಿಂತ ಕೆರಕೊಂತ ಕುಂದ್ರತೇನಿ."

ಅಲ್ಲಿಗೆ ವಿಷಯ ನನಗೆ ತಿಳಿಯಿತು. ಬೋಳು ಹಣೆ, ಬಿಳಿ ಸೀರೆ. ಸೀರೆ ತಾಗಿದಲ್ಲೆಲ್ಲ ಉರಿಯುತ್ತದೆಂದು ಭಾವನ ಹಳೆಯ ಧೋತರ ಹರಿದು ಮೈಗೆ ಸುತ್ತಿಕೊಂಡು, ಬಾಗಿಲು ಹಾಕಿಕೊಂಡು, ಅಕ್ಕ ಇಪ್ಪತ್ತು ದಿನದಿಂದ ಹಗಲನ್ನೇ ನೋಡಿರಲಿಲ್ಲ. ಊರಿಗೆಲ್ಲ ಮೊದಲು ಎದ್ದು ಅಂಗಳಕ್ಕೆ ರಂಗೋಲಿ ಹಾಕುವ ಹೆಂಗಸು ಅವಳು.

ಅಕ್ಕನಿಗೂ ಬಣ್ಣಕ್ಕೂ ಇರುವ ನಂಟನ್ನು ನಿಮಗೆ ಹೇಳಬೇಕು. ನಾವು ಖಾನಾಪುರದಲ್ಲಿ ಬೆಳೆದವರು. ಮಾತು ಮನೆಯೊಳಗೆ ಕನ್ನಡ, ಕಟ್ಟೆಯ ಮೇಲೆ ಮರಾಠಿ. ನಮ್ಮವ್ವ ತನ್ನ ಮಾಸಿದ ಸೀರೆಗಳನ್ನು ಎಸೆಯುತ್ತಿರಲಿಲ್ಲ. ಸಂತೆಯಿಂದ ಬಣ್ಣದ ಪುಡಿ ತಂದು, ಒಡೆದ ಹಂಡೆಯಲ್ಲಿ ಕುದಿಸಿ, ಸೀರೆ ಮುಳುಗಿಸಿ, ನಮ್ಮಿಬ್ಬರಿಗೂ ಪರಕಾರ, ಅಂದರೆ ಉದ್ದ ಲಂಗ, ಹೊಲಿಸುತ್ತಿದ್ದಳು. ಒಂದು ವರ್ಷ ಕಡುನೇರಳೆ. ಮೊದಲ ಮಳೆಗೇ ಅದು ನಮ್ಮ ಕಾಲಿಗಿಳಿಯಿತು. ಸಾಲಿಯಲ್ಲಿ ಪ್ರಾರ್ಥನೆಗೆ ನಿಂತಾಗ ಮೊಣಕಾಲಿನಿಂದ ಪಾದದ ತನಕ ಇಬ್ಬರೂ ಬದನೆಕಾಯಿ. ನಾನು ಅಳುತ್ತ ನಿಂತಿದ್ದೆ. ಟೀಚರ್ ಬಾಯಿ ಬಂದು, "ಕಮಲಾ, ಬಣ್ಣ ಎಲ್ಲಾ ಮೈಗೆ ಹತ್ತೇತಲ್ಲ" ಎಂದರೆ ಅಕ್ಕ, "ಹತ್ತಲಿ ಬಿಡ್ರೀ ಬಾಯಿ, ಚಂದ ಐತಿ" ಎಂದಳು.

ಅವಳ ಸೀರೆಗಳೆಲ್ಲ ಹಾಗೇ. ಕುಸುಬಿ ಕೆಂಪು, ನವಿಲುಗರಿ, ಬಿಳಿಗೆರೆಯ ಕಪ್ಪು. ದೂರದಿಂದಲೇ ಇವಳು ಕಮಲಕ್ಕ ಎಂದು ಗುರುತು ಹತ್ತಬೇಕು. ನಾನು ತೊಳೆದ ಬಣ್ಣದವಳು. ಅಂಗಡಿಯಲ್ಲಿ ಅಕ್ಕ ನನ್ನ ಕೈಯ ಸೀರೆ ನೋಡಿ, "ಇದನ್ನ ಹೊಸಾದು ತಗೊಳ್ಳಾಕತ್ತಿಯೋ, ತೊಳದ ವಾಪಸ್ ಕೊಡಾಕ ಬಂದಿಯೋ" ಎಂದು ಕೇಳಿದ್ದುಂಟು. ಅಂಥ ನನ್ನ ಪಾಲಿಗೆ ಬಣ್ಣವಿಲ್ಲದ ಸೀರೆ ಹುಡುಕುವ ಕೆಲಸ ಬಂತು. ಶಿವ ಲೆಕ್ಕ ಹಾಕಿಯೇ ಕೊಟ್ಟಿರಬೇಕು.

ಮೊದಲು ಅತ್ತೆಯವರನ್ನು ಕೇಳಿದೆ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಕೊನೆಯ ಮಾತು ಅವರದು. ಲಿಂಗಪೂಜೆ ಮುಗಿಸಿ ವಿಭೂತಿಯ ಕೈ ಒರೆಸಿಕೊಳ್ಳುತ್ತಿದ್ದರು.

"ಬಿಳಿ ಅರಿವಿಗೆ ಏನ ದೋಷ?" ಎಂದರು. "ವಿಭೂತಿ ಬಿಳಿ ಅಲ್ಲೇನು? ನಿಮ್ಮ ಮಾವ ಹೋಗಿ ಹದಿನೆಂಟ ವರ್ಷ ಆತು, ನಾ ಬಣ್ಣದ್ದಽ ಉಡತೇನಿ. ಯಾರರ ಏನರ ಅಂದಾರ? ಗಂಡ ಇಲ್ಲದಾಕಿ ಬಣ್ಣದ್ದು ಉಟ್ರ ನಡೀತದ, ಗಂಡ ಇದ್ದಾಕಿ ಬಿಳಿ ಉಟ್ರ ಯಾಕ ನಡಿಯಂಗಿಲ್ಲ?"

ನನಗೆ ಎಷ್ಟು ಸಮಾಧಾನವಾಯಿತೆಂದರೆ, "ಹಂಗಾರ ಪಂಚಮಿಗೆ ನಾನೂ ಒಂದು ಕೆನಿಬಣ್ಣದ್ದು ಉಡ್ಲೇನ್ರಿ?" ಎಂದುಬಿಟ್ಟೆ.

"ನೀ ಯಾಕ ಉಡ್ತಿ? ನನ್ನ ಮಗ ಚಲೋತನ್ಯಾಗ ಅದಾನಲ್ಲ" ಎಂದು ಎದ್ದು ಹೋದರು.

ಈಗ ನೀವೇ ಹೇಳಿ, ನಾನು ಇದರಲ್ಲಿ ಯಾವುದನ್ನು ಹಿಡಿಯಬೇಕು?

ಬಾಜು ಮನೆಯ ಹೆಂಗಸು ಪಾಟೀಲ ಕಾಕು ಮರಾಠಿಯವರು. ಅವರ ಪ್ರಕಾರ ಕೆನೆಬಣ್ಣ ನಡೆಯುತ್ತದೆ, ಹಾಲಿನ ಬಣ್ಣ ನಡೆಯುವುದಿಲ್ಲ, ಮೊಸರಿನ ಬಣ್ಣ ಅನುಮಾನ. "ಅಷ್ಟ್ಯಾಕ ವಿಚಾರ ಮಾಡ್ತೀ ವೈನಿ? ಧನಗರರ ಕರಿ ಕಂಬಳಿ ಐತಲ್ಲ, ಅದಕ್ಕ ಯಾರೂ ಬಣ್ಣ ಹಾಕೂದಿಲ್ಲ. ಕುರೀನಽ ಕರಿ" ಎಂದರು. ಖರೇ ಮಾತೇ. ಆದರೆ ತುರಿಕೆಯವಳಿಗೆ ಕಂಬಳಿ ಹೊದಿಸಿದರೆ ಅಕ್ಕ ನನ್ನನ್ನು ಉಳಿಸುವಳೇ? ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಔಷಧ ಅಂತ ಉಡಬೇಕಪ್ಪ" ಎಂದರು. ಗಂಡಸರಿಗೆ ಎಲ್ಲ ಎಷ್ಟು ಸಲೀಸು.

ಕಡೆಗೆ ಒಂದು ವಿಚಾರ ಹೊಳೆಯಿತು. ಅಂಗಡಿಯಲ್ಲಿ ಸಿಗುವುದೆಲ್ಲ ಯಾರೋ ಬಣ್ಣ ಹಾಕಿದ್ದು. ಮಗ್ಗದ ಮನೆಗೇ ಹೋಗಿ ನೂಲು ನೋಡಿ ಆರಿಸಿ ನೇಯಿಸಿದರೆ? ಸೀರೆಯಾಗಿ ಬಂದ ಮೇಲೆ ಮಾಡಬೇಕಾದ ತಕರಾರನ್ನು ನೂಲಿರುವಾಗಲೇ ಮಾಡಿ ಮುಗಿಸಬಹುದು. ಕಾಕುವನ್ನು ಕರೆದುಕೊಂಡು ಖಾಸಬಾಗಕ್ಕೆ ಹೋದೆ.

ಖಾಸಬಾಗದ ಆ ಓಣಿಯಲ್ಲಿ ಈಗ ಕರೆಂಟಿನ ಮಗ್ಗಗಳದೇ ಸದ್ದು. ಕೈಮಗ್ಗ ಇರುವ ಮನೆ ಕೇಳುತ್ತ ಹೋದಾಗ ಸಾವಕ್ಕ ಸಿಕ್ಕಳು. ಐವತ್ತೈದರ ಹೆಂಗಸು, ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದಳು. ನಾನು ಅಕ್ಕನ ಕಥೆ ಹೇಳುವಾಗ ಅವಳ ಕಾಲು ನಿಲ್ಲಲಿಲ್ಲ, ಲಾಳಿ ನಿಲ್ಲಲಿಲ್ಲ. ಮುಗಿದ ಮೇಲೆ, "ಕುಂದರ್ರಿ, ನೂಲು ತೋರಸ್ತೇನಿ" ಎಂದು ಕುಣಿಯಿಂದ ಎದ್ದು ಬಂದಳು.

ಚಾಪೆಯ ಮೇಲೆ ಐದಾರು ನೂಲಿನ ಲಡಿ ಹಾಕಿದಳು. ನಾನು ಜಾಣೆಯ ಹಾಗೆ ಎಲ್ಲವನ್ನೂ ಮುಟ್ಟಿ, ಬೆಳಕಿಗೆ ಹಿಡಿದು, ಅದರಲ್ಲಿ ತೀರ ಬೆಳ್ಳಗಿದ್ದ, ಬೆಣ್ಣೆಯಂತೆ ನುಣುಪಾದ ಲಡಿಯನ್ನು ಎತ್ತಿ, "ಇದು ಭಾಳ ಶುದ್ಧ ಐತಿ, ಇದನ್ನ ಹಾಕ್ರಿ" ಎಂದೆ.

ಸಾವಕ್ಕ ಕಾಕುವಿನ ಮುಖ ನೋಡಿದಳು. "ಅಕ್ಕಾರ, ಇದು ಬಣ್ಣ ತಗದದ್ದು. ಔಷಧದಾಗ ಕುದಿಸಿ ಬೆಳ್ಳಗ ಮಾಡ್ಯಾರ. ಬಣ್ಣ ಹಾಕಲಾರದ್ದು ಇದು." ಅವಳು ತೋರಿಸಿದ್ದು ನಾನು ಮೊದಲೇ ಆಚೆ ಸರಿಸಿದ್ದ ಲಡಿ. ಜೋಳದ ಹಿಟ್ಟಿನ ಬಣ್ಣ, ಅಲ್ಲಲ್ಲಿ ಹತ್ತಿಬೀಜದ ಕರಿ ಚುಕ್ಕಿ, ಕೈಗೆ ಒರಟು. ಇದಕ್ಕೆ ಕೋರಾ ನೂಲು ಎನ್ನುತ್ತಾರೆ.

"ಇದು ಹೊಲಸ ಅಂತ ನಾ ಸರಿಸಿದ್ದೆ."

"ಎಲ್ಲಾರೂ ಹಂಗಽ ಸರಸ್ತಾರ್ರಿ. ಮನಷ್ಯಾರ್ನೂ ಹಂಗಽ ಅಲ್ಲೇನು" ಎಂದು ಸಾವಕ್ಕ ಎರಡು ಬಟ್ಟಲಲ್ಲಿ ನೀರು ತಂದು ಎರಡೂ ನೂಲಿನ ತುಂಡು ಹಾಕಿದಳು. ಬೆಳ್ಳನೆಯದು ಕೂಡಲೇ ಮುಳುಗಿತು. ಕೋರಾ ಮೇಲೆ ತೇಲುತ್ತ ನಿಂತಿತು. ಹತ್ತಿಯ ಮೈಯೊಳಗಿನ ಮೇಣ ಇನ್ನೂ ಹೋಗಿಲ್ಲ, ಅದಕ್ಕೇ ನೀರು ಹೀರುವುದಿಲ್ಲವಂತೆ. ಇನ್ನೊಂದು ಲಡಿಯ ಎಳೆಯನ್ನು ಕಡ್ಡಿ ಗೀರಿ ಸುಟ್ಟಳು. ಸುಟ್ಟ ತುದಿ ಗಟ್ಟಿ ಮಣಿಯಾಯಿತು. ಅದರಲ್ಲಿ ಪ್ಲಾಸ್ಟಿಕ್ ಇದೆ ಎಂದು ಎಸೆದಳು. ಕೋರಾ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಯಿತು. ಮೂವತ್ತೈದು ವರ್ಷದಿಂದ ಸೀರೆ ಉಡುತ್ತಿದ್ದೇನೆ. ಏನು ಉಟ್ಟಿದ್ದೇನೆ ಎಂದು ಒಂದು ಕಡ್ಡಿ ಗೀರಿ ನೋಡಿರಲಿಲ್ಲ.

ನೂಲೇನೋ ಸಿಕ್ಕಿತು. ಆದರೆ ನನ್ನ ಪ್ರಶ್ನೆ ಅಲ್ಲೇ ಇತ್ತು. "ಇದು ಬಿಳಿ ಅನಸ್ತದೇನ್ರಿ?" ಎಂದು ಕೇಳಿದೆ. ಕಾಕು, "ಬಾಗಲದಾಗ ನಿಂತ್ರ ಬಿಳಿ ಅಲ್ಲ" ಎಂದರು. ಲಡಿಯನ್ನು ಬಾಗಿಲಿಗೆ ಒಯ್ದು ನೋಡಿದೆ, ಕೆನೆಬಣ್ಣ. ಒಳಗೆ ತಂದೆ, ಬಿಳಿ. ಮತ್ತೆ ಒಯ್ದೆ. ನಾಲ್ಕು ಸಲ ಹೀಗೆ ಓಡಾಡಿದ್ದನ್ನು ನೋಡಿ ಸಾವಕ್ಕ ಅಟ್ಟದಿಂದ ಒಂದು ಚೀಲ ಇಳಿಸಿದಳು.

ಅದರಲ್ಲಿದ್ದ ಲಡಿ ಬೆಲ್ಲದ ಬಣ್ಣದ್ದು. ಇದು ಕಂದು ಹತ್ತಿ, ಗಿಡದ ಮೇಲೆಯೇ ಹೀಗೆ ಒಡೆಯುತ್ತದೆ, ಯಾರೋ ನೇಯಿಸಿಕೊಂಡು ಉಳಿದದ್ದು ಎಂದಳು.

"ಆದ್ರ ಇದಕ್ಕ ಬಣ್ಣ ಐತಲ್ಲ" ಎಂದೆ.

"ಐತಿ."

"ಡಾಕ್ಟರು ಬಣ್ಣ ಬ್ಯಾಡ ಅಂದಾರ."

"ಹಾಕಿದ್ದು ಬ್ಯಾಡ ಅಂದಾರ್ರಿ. ಹುಟ್ಟಿ ಬಂದದ್ದಕ್ಕ ಏನಂದಾರ?"

ಡಾಕ್ಟರು ಏನಂದಿದ್ದಾರೋ ನನಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಓಂ ನಮಃ ಶಿವಾಯ ಎಂದು ಮೈ ಕೋರಾ, ದಡಿ ಮತ್ತು ಸೆರಗು ಕಂದು ಎಂದು ನಿಶ್ಚಯ ಮಾಡಿದೆ. ಮಗ್ಗದ ಹಾಸಿನ ಎಳೆಗಳಿಗೆ ಗಂಜಿ ಬಿಟ್ಟರೆ ಏನೂ ಹಾಕುವುದಿಲ್ಲ ಎಂದು ಸಾವಕ್ಕ ಮಾತು ಕೊಟ್ಟಳು.

ಕುಪ್ಪಸ ನಾನೇ ಹೊಲಿಯುತ್ತೇನೆಂದೆ. ಅದೂ ಒಂದು ಫಜೀತಿ. ಕೋರಾ ಅರಿವೆ ಕತ್ತರಿಸಿ ಮಶೀನಿಗೆ ಕೂತ ಮೇಲೆ ನೆನಪಾಯಿತು, ಉಂಡೆಯಲ್ಲಿರುವ ದಾರಕ್ಕೂ ಬಣ್ಣ ಹಾಕಿರುತ್ತಾರೆ. ಸಾವಕ್ಕನಿಂದ ಕೋರಾ ಎಳೆ ತಂದು, ಎರಡೆರಡು ಹುರಿಮಾಡಿ, ಕೈಯಿಂದಲೇ ಹೊಲಿದೆ. ತೋಳು ಒಂದು ಉದ್ದ, ಒಂದು ಗಿಡ್ಡ ಆಯಿತು. ಅಕ್ಕನ ಎಡತೋಳು ಸ್ವಲ್ಪ ದಪ್ಪ ಎಂದು ಮನಸ್ಸಿಗೆ ಹೇಳಿಕೊಂಡೆ.

ಮೂರು ವಾರಕ್ಕೆ ಸೀರೆ ಬಂತು. ಒರಟಿತ್ತು, ಎರಡು ಸಲ ಬಿಸಿನೀರಿನಲ್ಲಿ ಹಾಕಿ ತೆಗೆದ ಮೇಲೆ ಮೆತ್ತಗಾಯಿತು. ಮಡಿಕೆ ಹಾಕಿ ದೇವರ ಮುಂದಿಟ್ಟೆ. ಕೈಮುಗಿದೆ. ಆಮೇಲೆ ನನ್ನ ಕೈ ಏನು ಮಾಡಿತೆಂದರೆ, ಬಟ್ಟಲಿನಿಂದ ಅರಿಷಿಣ ತೆಗೆದುಕೊಂಡು ನೀರು ಹಚ್ಚಿ ಸೆರಗಿನ ತುದಿಗೆ ಒತ್ತಿತು. ಅದರ ಮೇಲೆ ಒಂದು ಚಿಟಿಕೆ ಕುಂಕುಮವನ್ನೂ ಒತ್ತಿತು.

ಹೊಸ ಸೀರೆಗೆ ಅರಿಷಿಣ ಕುಂಕುಮ ಹಚ್ಚದೆ ಯಾರು ಉಡುತ್ತಾರೆ? ಬುದ್ಧಿಗೆ ತಿಳಿಯುವ ಮೊದಲೇ ಬೆರಳು ತನ್ನ ಕೆಲಸ ಮುಗಿಸಿತ್ತು. ಒಂದು ಎಳೆಯಲ್ಲಿಯೂ ಬಣ್ಣ ಇರಬಾರದೆಂದು ಕಡ್ಡಿ ಗೀರಿ, ನೀರಿಗೆ ಹಾಕಿ, ದಾರ ಕೂಡ ಬಿಡದೆ ಮಾಡಿಸಿದ ಸೀರೆ. ಡಾಕ್ಟರು ಹಣೆಯಿಂದಲೇ ಬಿಡಿಸಿದ ಕುಂಕುಮವನ್ನು ನಾನು ಸೆರಗಿಗೆ ತಂದಿಟ್ಟಿದ್ದೆ.

ಕತ್ತರಿ ತಂದೆ. ಅತ್ತೆ ಬಾಗಿಲಲ್ಲೇ, "ಉಡಲಾರದ ಸೀರಿಗೆ ಕತ್ರಿ ಹಾಕ್ತಾರೇನು?" ಎಂದು ತಡೆದರು. ಸಾಬೂನು ಹಚ್ಚಿ ತಿಕ್ಕಿದೆ. ಕುಂಕುಮ ಹೋಯಿತು. ಅರಿಷಿಣ ಸಾಬೂನು ತಾಗಿದರೆ ಕೆಂಪಾಗುತ್ತದೆಂದು ನಿಮಗೆ ಗೊತ್ತು, ನನಗೂ ಗೊತ್ತು, ಆ ಹೊತ್ತಿಗೆ ಮರೆತಿತ್ತು. ಬೊಟ್ಟಿನಷ್ಟಿದ್ದ ಹಳದಿ ಅಂಗೈಯಷ್ಟು ಕೆಂಪಾಯಿತು. ನೀರಿನಲ್ಲಿ ಜಾಲಿಸಿದೆ, ತುಸು ಹಳದಿಗೆ ತಿರುಗಿ, ಅಂಚಿನಲ್ಲಿ ಇಟ್ಟಂಗಿಯ ಬಣ್ಣ ಉಳಿಯಿತು. ಬಿಸಿಲಿಗೆ ಹಾಕಿದರೆ ಅರಿಷಿಣ ತಾನೇ ಹಾರಿಹೋಗುತ್ತದೆ. ಆ ವಾರ ಬೆಳಗಾವಿಗೆ ಬಿಸಿಲು ಎಂಬುದೇ ಬರಲಿಲ್ಲ. ಅಂದು ನಾನು ಬೆರಳು ಮಡಚಲಿಲ್ಲ.

ಇನ್ನು ಕಾಯುವುದಾಗಲಿಲ್ಲ. ಅಕ್ಕನ ಸೊಸೆ ಸುಮನ ಫೋನಿನಲ್ಲಿ, "ಮೌಶಿ, ಅತ್ತಿ ನಿನ್ನೆ ಜಂಗಮರು ಬಂದ್ರೂ ಹೊರಗ ಬರ್ಲಿಲ್ಲ, ಬಾಗಲಾ ಸಂದ್ಯಾಗಿಂದಽ ಕೈ ಮುಗದ್ರು" ಎಂದಿದ್ದಳು. ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ರೈಲು ಹಿಡಿದೆ. ಖಾನಾಪುರ ದಾಟಿದ ಮೇಲೆ ಕಾಡು ಕಿಟಕಿಗೆ ಹತ್ತಿರವಾಗುತ್ತದೆ. ಯಾವ ಎಲೆಗೆ ಯಾರು ಬಣ್ಣ ಹಾಕಿದರು ಎಂದು ಎಂದಾದರೂ ವಿಚಾರ ಮಾಡಿದ್ದೆನೇ ಎಂದುಕೊಳ್ಳುತ್ತ ಕೂತೆ. ಗುಂಜಿ ಸ್ಟೇಶನ್ನಿನಲ್ಲಿ ಭಾವ ನಿಂತಿದ್ದರು. ನನ್ನನ್ನು ಕೇಳುವ ಮೊದಲು ಗಡಿಯಾರ ನೋಡಿ, "ಆರ ಮಿನಿಟು ಲೇಟು" ಎಂದರು.

ಖೋಲಿಯಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗಿದಾಗ ನಾನು ಮುಖ ನೋಡಿ ಗಾಬರಿಯಾದೆ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಇದ್ದವು, ಅದರ ಕೆಳಗೆ ಕುಂಕುಮವಿದ್ದ ಜಾಗ ಮಾತ್ರ ಉಳಿದ ಮುಖಕ್ಕಿಂತ ಬೆಳ್ಳಗೆ, ದುಂಡಗೆ ಉಳಿದಿತ್ತು.

ನಾನು ಸೀರೆ ಬಿಚ್ಚಿದೆ. ಕೋರಾ, ಕಂದು, ಬೀಜದ ಚುಕ್ಕಿ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಕ್ಕ ಒಂದು ತುದಿ ಹಿಡಿದು ನೋಡಿ, ಕೈಬಿಟ್ಟಳು.

"ಬಿಳಿನಽ ಆತಲ್ಲ."

"ಬಾಗಲದಾಗ ನಿಂತ್ರ ಬಿಳಿ ಅಲ್ಲಕ್ಕಾ."

"ನಾ ಏನ ಜೀವಮಾನ ಎಲ್ಲಾ ಬಾಗಲದಾಗ ನಿಂದ್ರಲೇನು?"

ಮಡಿಸಿ ಇಡೋಣವೆಂದು ಸೆರಗು ಎತ್ತಿದಾಗ ಅಕ್ಕ ನನ್ನ ಮುಂಗೈ ಹಿಡಿದಳು. ಕಲೆ ಅವಳ ಕಣ್ಣಿಗೆ ಬಿದ್ದಿತ್ತು.

"ಇದೇನಿದು?"

"ತಪ್ಪಾತಕ್ಕಾ. ಕೈ ರೂಢಿ. ಅರಿಷಿಣ ಕುಂಕುಮ ಹಚ್ಚಿಬಿಟ್ಟೆ. ಕುಂಕುಮ ಹೋಗೇತಿ, ಇದು ಹೋಗವಲ್ದು. ಕತ್ತರಿಸಿ ತಗದ ಬಿಡೂಣು."

ಅಕ್ಕ ಆ ಕಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಬಹಳ ಹೊತ್ತು ಸವರಿದಳು.

"ಹುಚ್ಚಿ" ಎಂದಳು. "ಅರಿಷಿಣ ಹಚ್ಚಿದ ಸೀರಿ ಯಾರಿಗೆ ಕೊಡ್ತಾರ?"

"ಮುತ್ತೈದ್ಯಾರಿಗೆ."

"ಮತ್ತ ಕತ್ತರಸೂಣು ಅಂತಿಯಲ್ಲ."

ಸುಮನಳನ್ನು ಕರೆದು ಬಾಗಿಲು ಹಾಕಿಸಿದಳು. ಕುಪ್ಪಸ ತೊಟ್ಟಾಗ, "ಇದನ್ನ ಇಬ್ಬರು ಹೊಲದ್ರೇನು, ಒಂದೊಂದ ತೋಳು ಒಬ್ಬೊಬ್ಬರು?" ಎಂದಳು. ಅದನ್ನು ಕೇಳಿದ ಮೇಲೆ ನನಗೆ ಉಸಿರು ಬಂತು. ಸೀರೆ ಉಟ್ಟು ಸೆರಗನ್ನು ತಲೆಯ ಮೇಲೆ ಹೊದ್ದಳು. ಕಲೆ ಬಿದ್ದ ತುದಿ ಮೈಗೆ ತಾಗದಂತೆ, ಆದರೆ ಎಲ್ಲರಿಗೂ ಕಾಣುವಂತೆ, ಕುಪ್ಪಸದ ಮೇಲೆ ಮುಂದಕ್ಕೆ ಇಳಿಬಿಟ್ಟಳು. ಆಮೇಲೆ ಬಾಗಿಲು ತೆಗೆದು ಪಡಸಾಲೆ ದಾಟಿ ಅಂಗಳಕ್ಕೆ ಹೋದಳು. ನಾನು ಮತ್ತು ಸುಮನ ಒಬ್ಬರ ಹಿಂದೆ ಒಬ್ಬರು.

ಭಾವ ಕಟ್ಟೆಯ ಮೇಲಿದ್ದರು. ಕೆಳಗಿನಿಂದ ಮೇಲೆ ಒಮ್ಮೆ ನೋಡಿದರು. "ಥೇಟ್ ಜ್ವಾಳದ ರೊಟ್ಟಿ" ಎಂದರು.

"ರೊಟ್ಟಿ ತಿಂದಽ ಇಷ್ಟ ವರ್ಷ ಬದಕೀರಿ" ಎಂದು ಅಕ್ಕ ಮುಂದೆ ಹೋಗಿ ನೆಲ ನೋಡಿದಳು. "ಸುಮನಾ, ಇದೇನ ರಂಗೋಲಿಯೋ, ನಿಮ್ಮ ಮಾವನ ರೈಲ್ವೆ ಹಳಿಯೋ?"

ಅಷ್ಟರಲ್ಲಿ ಹಾಲಿನ ಗಿಂಡಿ ಹಿಡಿದು ಎದುರುಮನೆಯ ಹೆಂಗಸು ಬಂದಳು. ನಾನು ಸುಮನಳ ಹಿಂದೆ ಸರಿದು ನಿಂತೆ. ಅವಳು ಅಕ್ಕನ ಮುಖ ನೋಡಿದಳು, ಸೀರೆ ನೋಡಿದಳು, ಸೆರಗಿನ ತುದಿಯಲ್ಲಿ ಕಣ್ಣು ನಿಲ್ಲಿಸಿದಳು.

"ಹೊಸಾ ಸೀರಿ ಏನ ಕಮಲಕ್ಕಾ? ತಂಗಿ ತಂದಾಳ?"

"ಹೌದು, ತಂಗಿ ತಂದಾಳ" ಎಂದಳು ಅಕ್ಕ.

ಇದಾಗಿ ಒಂದೂವರೆ ತಿಂಗಳು. ಗಂಧೆ ಮುಕ್ಕಾಲು ಪಾಲು ಆರಿದೆ. ಸೀರೆಯಿಂದ ಎಂದು ಅಕ್ಕ, ಮುಲಾಮಿನಿಂದ ಎಂದು ಭಾವ, ಕೆರೆದುಕೊಳ್ಳುವುದು ಬಿಟ್ಟಿದ್ದರಿಂದ ಎಂದು ಸುಮನ. ಸಾವಕ್ಕ ಎರಡನೆಯ ಸೀರೆಗೆ ಹಾಸು ಹೂಡಿದ್ದಾಳೆ. ಕೋರಾ ಬಿಳಿಯೋ ಅಲ್ಲವೋ ಎಂಬುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ಅರಿಷಿಣ ಬಣ್ಣವೋ ಅಲ್ಲವೋ, ಅದೂ ತಿಳಿದಿಲ್ಲ.

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಂದು ಸಂಜೆಯ ರೈಲಿನಲ್ಲಿ ವಾಪಸ್ಸು ಬರುವಾಗ ಹೊಳೆದದ್ದು. ಅತ್ತೆಯವರಿಗೆ ಹೊಸ ಸೀರೆ ತಂದಾಗ ನನ್ನ ಬೆರಳು ಅರಿಷಿಣದ ಬಟ್ಟಲಿಗೆ ಹೋಗುವುದಿಲ್ಲ, ವಿಭೂತಿಗೆ ಹೋಗುತ್ತದೆ. ಹದಿನೆಂಟು ವರ್ಷದಿಂದ. ಹೀಗೆ ಮಾಡು ಎಂದು ಯಾರೂ ಹೇಳಿಕೊಟ್ಟಿಲ್ಲ. ಬಣ್ಣದ ಸೀರೆ ಉಡುತ್ತೇನೆ, ಯಾರರ ಏನರ ಅಂದಾರ ಎಂದು ಅವರು ನನ್ನನ್ನು ಕೇಳಿದ್ದರು. ಅರಿಷಿಣವಿಲ್ಲದ ಆ ಸೆರಗಿನ ತುದಿಯ ಬಗ್ಗೆ ಅವರು ಇಷ್ಟು ವರ್ಷ ಏನೂ ಅಂದಿಲ್ಲ. ನೋಡಿಲ್ಲವೋ, ನೋಡಿದ್ದಾರೋ. ಕೇಳಬೇಕೋ ಬೇಡವೋ. ಅಕ್ಕ ಅಂಗಳಕ್ಕೆ ಬಂದ ಸಂತೋಷದ ಜೊತೆಗೆ ಇದೂ ಚೀಲದಲ್ಲಿ ಕೂತು ಬಂದಂತಾಯಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಉಟ್ಟಳೇನು?"

"ಉಟ್ಟಳ್ರಿ."

"ಚಲೋ ಆತು." ಬಚ್ಚಲ ಕಡೆ ಕೈ ತೋರಿಸಿ, "ನಳಕ್ಕ ನೀರ ಬಂದಾವ ನೋಡು, ಹೋದ್ರ ಇನ್ನ ಮೂರ ದಿನಾ ಇಲ್ಲ" ಎಂದರು.

ಚೀಲವನ್ನು ಅಲ್ಲೇ ಇಟ್ಟು, ನಿರಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲು ಕುಡಿಯುವ ನೀರಿನ ಕೊಡ ಹಚ್ಚಿದೆ.